ಆ ಕಪ್ಪು ಬಟ್ಟೆಯ ಮುದುಕನಲ್ಲಿ ಏನಿದೆ?

ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಡಚ್ ರಾಜಕಾರಣಿ ಓಲ್ಡನ್‌ಬಾರ್ನೆವೆಲ್ಟ್ ಅವರ ತೈಲಚಿತ್ರಕ್ಕೆ ಇಡೀ ಪುಟ ಕೊಟ್ಟಿದ್ದೀರಿ. ಕಪ್ಪು ಬಟ್ಟೆ, ಕುತ್ತಿಗೆಗೆ ಬಿಳಿ ನಿರಿಗೆ ಪಟ್ಟಿ, ಗಂಟುಮುಖ. ಆ ಕಾಲದ ಡಚ್ಚರೆಲ್ಲ ಹೀಗೇ ಕಾಣುತ್ತಾರೆ. ಇದರಲ್ಲಿ ಕಲೆ ಎಲ್ಲಿದೆ?"

ನಮಸ್ಕಾರ. ಎಲ್ಲರೂ ಒಂದೇ ಥರ ಕಾಣುತ್ತಾರೆ, ನಿಜ. ಹಾಗೆ ಕಾಣಬೇಕೆಂದೇ ಅವರು ಚಿತ್ರಕಾರನ ಎದುರು ಕೂತಿದ್ದು. ಸ್ಪೇನಿನ ದೊರೆಯ ಆಳ್ವಿಕೆಯನ್ನು ಕಿತ್ತೊಗೆದ ನಾಡು ಅದು. ಅಲ್ಲಿ ಆಡಳಿತ ನಡೆಸುತ್ತಿದ್ದವರಲ್ಲಿ ವ್ಯಾಪಾರಿಗಳೂ ವಕೀಲರೂ ಜಾಸ್ತಿ. ಯೋಹಾನ್ ವಾನ್ ಓಲ್ಡನ್‌ಬಾರ್ನೆವೆಲ್ಟ್ ಕೂಡ ವಕೀಲರೇ. 1586ರಿಂದ ಮೂವತ್ತು ವರ್ಷಕ್ಕೂ ಮೀರಿ ಹಾಲೆಂಡ್ ಪ್ರಾಂತ್ಯದ ಚುಕ್ಕಾಣಿ ಹಿಡಿದವರು. ತಮ್ಮತಮ್ಮಲ್ಲೇ ಪೈಪೋಟಿಗಿಳಿದಿದ್ದ ವ್ಯಾಪಾರಿಗಳನ್ನು ಒಟ್ಟುಗೂಡಿಸಿ 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟುವಂತೆ ಮಾಡಿದ್ದರಲ್ಲಿ ಇವರ ಕೈ ದೊಡ್ಡದು. ನಮ್ಮ ಕಡಲತೀರಕ್ಕೆ, ಪುಲಿಕಾಟ್‌ಗೆ ಬಂದು ಕೋಟೆ ಕಟ್ಟಿದ್ದು ಅದೇ ಕಂಪನಿ. ಇಷ್ಟು ಅಧಿಕಾರ ಇದ್ದವರಿಗೆ ಕಿರೀಟವಿಲ್ಲ, ಸಿಂಹಾಸನವಿಲ್ಲ. ಇದ್ದದ್ದು ಆ ಕಪ್ಪು ಬಟ್ಟೆ.

ಆ ಕಪ್ಪನ್ನು ಬಡತನದ ಬಣ್ಣ ಅಂದುಕೊಳ್ಳಬೇಡಿ. ಕಬ್ಬಿಣದ ಉಪ್ಪು ಹಾಕಿ ಅಗ್ಗಕ್ಕೆ ಅದ್ದಿದ ಕಪ್ಪು ಬೇಗ ಕಂದಾಗುತ್ತಿತ್ತು, ಬಟ್ಟೆಯನ್ನೂ ತಿನ್ನುತ್ತಿತ್ತು. ಮಾಸದ ಕಪ್ಪು ಬೇಕೆಂದರೆ ಮೊದಲು ನೀಲಿಯಲ್ಲಿ, ಆಮೇಲೆ ಕೆಂಪಿನಲ್ಲಿ, ಮತ್ತೆ ಮತ್ತೆ ಅದ್ದಬೇಕು. ಆ ಕಾಲದವರಿಗೆ ಒಂದೇ ನೋಟಕ್ಕೆ ಅದರ ಬೆಲೆ ತಿಳಿಯುತ್ತಿತ್ತು. ಚಿತ್ರಕಾರನಿಗೂ ಅದು ಕಷ್ಟದ ಕೆಲಸವೇ: ಕಪ್ಪಿನ ಮೇಲೆ ಕಪ್ಪು ಹಚ್ಚಿ, ಬೂದು ಬಣ್ಣದ ಸಣ್ಣ ವ್ಯತ್ಯಾಸದಲ್ಲೇ ಮಡಿಕೆಗಳನ್ನು ತೋರಿಸಬೇಕು. ಮುದ್ರಣದಲ್ಲಿ ಅದು ಅರ್ಧ ಹೋಗಿಬಿಡುತ್ತದೆ.

ಚಿತ್ರ ಬರೆದವರು ಡೆಲ್ಫ್ಟ್ ಊರಿನ ಮಿಖೀಲ್ ವಾನ್ ಮೀರೆವೆಲ್ಟ್, ಸುಮಾರು 1616ರಲ್ಲಿ. ಅವರದು ದೊಡ್ಡ ಕಾರ್ಖಾನೆ. ಗಣ್ಯರ ಮುಖ ಒಮ್ಮೆ ಸಿದ್ಧವಾದರೆ ಸಹಾಯಕರು ಬೇಡಿಕೆ ಬಂದಷ್ಟು ಪ್ರತಿ ತೆಗೆಯುತ್ತಿದ್ದರು. ನಿಮಗೆ ಎಲ್ಲವೂ ಒಂದೇ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಆದರೂ ನಾನು ಇಡೀ ಪುಟ ಕೊಟ್ಟದ್ದು ಇನ್ನೊಂದು ಚಿತ್ರದ ನೆನಪಿನಿಂದ. ಇದೇ ಮೀರೆವೆಲ್ಟ್, ಹೆಚ್ಚುಕಡಿಮೆ ಇದೇ ವರ್ಷಗಳಲ್ಲಿ, ಸೇನಾಪತಿ ಮೌರಿಟ್ಸ್ ರಾಜಕುಮಾರನನ್ನೂ ಬರೆದಿದ್ದಾರೆ. ಅಲ್ಲಿ ಮೈತುಂಬ ಚಿನ್ನದ ಲೇಪದ ಕವಚ. 1600ರ ನ್ಯೂಪೋರ್ಟ್ ಯುದ್ಧ ಗೆದ್ದದ್ದಕ್ಕೆ ಪ್ರತಿನಿಧಿ ಸಭೆ ಕೊಟ್ಟ ಉಡುಗೊರೆ ಅದು. ಆ ದಂಡಯಾತ್ರೆ ಮೌರಿಟ್ಸ್‌ಗೆ ಇಷ್ಟವೇ ಇರಲಿಲ್ಲ. ಹೋಗಲೇಬೇಕೆಂದು ಒತ್ತಾಯಿಸಿದವರಲ್ಲಿ ಮುಂದಿದ್ದವರು ಇದೇ ಕಪ್ಪು ಬಟ್ಟೆಯ ಓಲ್ಡನ್‌ಬಾರ್ನೆವೆಲ್ಟ್. 1609ರಲ್ಲಿ ಇವರು ಸ್ಪೇನಿನ ಜೊತೆ ಹನ್ನೆರಡು ವರ್ಷದ ಕದನವಿರಾಮ ಮಾಡಿಸಿದರು, ಮೌರಿಟ್ಸ್‌ಗೆ ಅದು ಸಹಿಸಲಿಲ್ಲ. ಧರ್ಮದ ಜಗಳವೂ ಸೇರಿಕೊಂಡಿತು. 1618ರಲ್ಲಿ ಓಲ್ಡನ್‌ಬಾರ್ನೆವೆಲ್ಟ್ ಅವರ ಬಂಧನ, ವಿಶೇಷ ನ್ಯಾಯಾಲಯ, ರಾಜದ್ರೋಹದ ಆರೋಪ. 1619ರ ಮೇ 13ರಂದು ಹೇಗ್‌ನಲ್ಲಿ, ತಾವು ದಶಕಗಳ ಕಾಲ ಕೆಲಸ ಮಾಡಿದ ಬಿನ್ನೆನ್‌ಹೋಫ್ ಅಂಗಳದಲ್ಲೇ, 71ರ ವಯಸ್ಸಿನಲ್ಲಿ ಅವರ ತಲೆ ಕಡಿದರು.

ಆ ಮುಖ ನನಗೆ ಗಂಟು ಹಾಕಿದಂತೆ ಕಾಣುವುದಿಲ್ಲ, ದಣಿದಂತೆ ಕಾಣುತ್ತದೆ. ನಿಮಗೆ ಹಾಗನ್ನಿಸದಿದ್ದರೆ ತೊಂದರೆ ಇಲ್ಲ, ಆದರೆ ಎರಡು ಚಿತ್ರಗಳನ್ನೂ ಒಟ್ಟಿಗೆ ನೋಡಿ. ಎರಡೂ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿವೆ. ಮುಂದಿನ ಸಂಚಿಕೆಯಲ್ಲಿ ಅವನ್ನು ಎದುರುಬದುರು ಪುಟಗಳಲ್ಲಿ, ಒಂದೇ ಅಳತೆಯಲ್ಲಿ ಹಾಕುತ್ತೇವೆ. ನೋಡಿ ಮತ್ತೆ ಬರೆಯಿರಿ.

— ಸಂಪಾದಕ