ಹನ್ನಾ, ಅನ್ನಮ್ಮ: ಎರಡೂ ಒಂದೇ ಹೆಸರೇ?

ಪ್ರಶ್ನೆ: ನಮಗೆ ಹೆಣ್ಣುಮಗು ಹುಟ್ಟಿದೆ. ಹನ್ನಾ ಎಂದು ಹೆಸರಿಡೋಣ ಅಂತ ನನ್ನಾಸೆ. ಅತ್ತೆಯವರು ತಮ್ಮ ತಾಯಿಯ ಹೆಸರು ಅನ್ನಮ್ಮ, ಅದನ್ನೇ ಇಡಿ ಎನ್ನುತ್ತಾರೆ. ಎರಡೂ ಒಂದೇ ಎಂದು ಚರ್ಚಿನಲ್ಲಿ ಒಬ್ಬರು ಹೇಳಿದರು. ಹೌದೇ? ಇದರ ಅರ್ಥವೇನು?
- ಓದುಗರೊಬ್ಬರು, ನೆಲ್ಯಾಡಿ

ಉತ್ತರ: ಹೌದು, ಮೂಲ ಒಂದೇ. ಹನ್ನಾ ಹೀಬ್ರೂ ಹೆಸರು. 'ಕೃಪೆ ತೋರು' ಎಂಬ ಅರ್ಥದ 'ಹನನ್' ಧಾತುವಿನಿಂದ ಬಂದದ್ದು. ಯೋಹಾನ ಎಂಬ ಹೆಸರಿನಲ್ಲೂ ಇದೇ ಧಾತುವಿದೆ: 'ಯೆಹೋವನು ಕೃಪೆ ತೋರಿದ್ದಾನೆ'. ರೋಮನ್ನರನ್ನು ನಡುಗಿಸಿದ ಕಾರ್ಥೇಜಿನ ಸೇನಾನಿ ಹ್ಯಾನಿಬಲ್‌ನ ಹೆಸರೂ ಇದರ ನೆಂಟನೇ. ಅಲ್ಲಿ ಕೃಪೆ ತೋರುವವನು ಬಾಳ್ ದೇವರು, ಅಷ್ಟೇ ವ್ಯತ್ಯಾಸ.

ಈ ಹೆಸರಿನ ಸೊಗಸು ಕಾಣುವುದು ಬೈಬಲಿನ ಸಮುವೇಲನ ಮೊದಲ ಗ್ರಂಥದಲ್ಲಿ. ಎಲ್ಕಾನನಿಗೆ ಇಬ್ಬರು ಹೆಂಡಿರು. ಪೆನಿನ್ನಳಿಗೆ ಮಕ್ಕಳಿದ್ದರು, ಹನ್ನಳಿಗೆ ಇರಲಿಲ್ಲ. ಸವತಿ ಕೆಣಕಿ ಕೆಣಕಿ ಅಳಿಸುತ್ತಿದ್ದಳು. ಶೀಲೋವಿನ ದೇವಾಲಯದಲ್ಲಿ ಹನ್ನಳು ಮನಸ್ಸಿನೊಳಗೇ ಬೇಡಿಕೊಳ್ಳುತ್ತಿದ್ದಾಗ ತುಟಿ ಮಾತ್ರ ಅಲುಗುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ಗದರಿದ. ಅವಳು ತನ್ನ ಸಂಕಟ ಹೇಳಿಕೊಂಡಳು, ಅವನು ಹರಸಿದ. ಆಗ ಅವಳು, ನಿನ್ನ ಕಣ್ಣಲ್ಲಿ ನನಗೆ 'ಹೇನ್' ದೊರಕಲಿ ಎನ್ನುತ್ತಾಳೆ. ಹೇನ್ ಎಂದರೆ ಕೃಪೆ, ದಯೆ. ತನ್ನ ಹೆಸರಿನಲ್ಲೇ ಇರುವುದನ್ನು ಆಕೆ ಬೇಡುತ್ತಾಳೆ! ಅನುವಾದದಲ್ಲಿ ಈ ಶ್ಲೇಷೆ ಕಳೆದುಹೋಗುತ್ತದೆ, ಅದಕ್ಕೇ ಇಷ್ಟು ಹೇಳಿದೆ. ಮುಂದೆ ಅವಳಿಗೆ ಹುಟ್ಟಿದವನೇ ಸಮುವೇಲ. ಯೆಹೂದಿ ಗುರುಗಳು ಪ್ರಾರ್ಥನೆ ಹೇಗಿರಬೇಕು ಎಂಬುದಕ್ಕೆ ಈ ಹೆಂಗಸಿನ ಮೌನ ಬೇಡಿಕೆಯನ್ನೇ ಮಾದರಿಯಾಗಿ ತೋರಿಸಿದ್ದಾರೆ.

ಇನ್ನು ಅನ್ನಮ್ಮ. ಹೀಬ್ರೂವಿನಲ್ಲಿ ಹೆಸರಿನ ಮೊದಲಕ್ಷರ ಗಂಟಲಾಳದಿಂದ ಬರುವ ಹಕಾರ. ಗ್ರೀಕ್ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ಹಾಗಾಗಿ ಹೀಬ್ರೂ ಗ್ರಂಥಗಳು ಗ್ರೀಕಿಗೆ ಬಂದಾಗ ಹನ್ನಾ 'ಅನ್ನಾ' ಆದಳು. ಲೂಕನ ಸುವಾರ್ತೆಯಲ್ಲಿ ಶಿಶು ಯೇಸುವನ್ನು ದೇವಾಲಯದಲ್ಲಿ ಕಂಡ ಮುದುಕಿ ಪ್ರವಾದಿನಿಯ ಹೆಸರೂ ಅನ್ನಾ. ಯೇಸುವಿನ ತಾಯಿ ಮರಿಯ, ಅವಳ ತಾಯಿ ಅನ್ನಾ ಎಂಬುದು ಬೈಬಲಿನಲ್ಲಿಲ್ಲ, 2ನೇ ಶತಮಾನದ ಇನ್ನೊಂದು ಬರಹದಿಂದ ಬಂದ ನಂಬಿಕೆ. ಆದರೆ ಈ ಹೆಸರು ಕ್ರೈಸ್ತರ ಮನೆಮನೆ ಸೇರಲು ಮುಖ್ಯ ಕಾರಣ ಈ ಅನ್ನಾಳ ಮೇಲಿನ ಭಕ್ತಿ. ಕೇರಳದಲ್ಲಿ ಅದಕ್ಕೆ 'ಅಮ್ಮ' ಸೇರಿ ಅನ್ನಮ್ಮ ಆಯಿತು. ನಾವು ಉಣ್ಣುವ ಅನ್ನಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಸಂಸ್ಕೃತದ ಪದ.

ಜನನ ಪ್ರಮಾಣಪತ್ರದಲ್ಲಿ ಹನ್ನಾ ಎಂದು ಬರೆಸಿ. ನಕಾರದ ಒತ್ತು ಬಿಡಬೇಡಿ, ಹೀಬ್ರೂವಿನಲ್ಲೂ ಅಲ್ಲಿ ಒತ್ತಿದೆ. ಅತ್ತೆಯವರು ಅನ್ನಮ್ಮ ಎಂದೇ ಕರೆಯಲಿ.