ಪಿಕ್ಸೆಲ್ ಆರ್ಟ್ ಗೇಮ್‌ಗೆ 16×16 ಪಿಕ್ಸೆಲ್‌ನ ಟೈಲ್‌ನಲ್ಲಿ (ಮತ್ತೆ ಮತ್ತೆ ಜೋಡಿಸಿ ಗೋಡೆ ತುಂಬುವ ಚೌಕ ಚಿತ್ರ) ಕೆಂಪು ಚಿರೆಕಲ್ಲಿನ ಗೋಡೆ ನಿಜವಾದ ಕಲ್ಲಿನ ಹಾಗೆ ಕಾಣಬೇಕು. ಡಿದರಿಂಗ್ (ಎರಡು ಬಣ್ಣದ ಪಿಕ್ಸೆಲ್ ಬೆರೆಸಿಟ್ಟು ನಡುವಿನ ಬಣ್ಣ ಕಾಣಿಸುವುದು) ಮಾಡಲಾ, ನಾಯ್ಸ್ ಬ್ರಶ್ (ಅಡ್ಡಾದಿಡ್ಡಿ ಚುಕ್ಕೆ ಉದುರಿಸುವ ಬ್ರಶ್) ಹಾಕಲಾ? ಎಂಟು ಬಣ್ಣ ಸಾಕಾ? ನಿಮ್ಮ ಟೈಲಿನ ಚಿತ್ರ ಹಾಕಿ ಹೀಗೆ ಕೇಳಿದ್ದೀರಿ.

ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಾ ಕೂತಿದ್ದೆ. ಕಲ್ಲೂ ಇದೇ, ಟೈಲಿನ ಅಳತೆಯೂ ಇದೇ. ಡಿದರಿಂಗೂ ಬೇಡ, ನಾಯ್ಸೂ ಬೇಡ. ಯಾಕೆ ಅಂತ ಹೇಳಬೇಕಾದರೆ ಮಿರ್ಜಾನ್ ಕೋಟೆಯಿಂದ ಶುರು ಮಾಡಬೇಕು.

ನಮ್ಮ ಮನೆ ಕುಮಟಾದಲ್ಲಿ. ಕರಾವಳಿಯ ಕೋಟೆಯೊಳಗೆ ನಡೆಯುವ ಒಂದು ಸಣ್ಣ ಗೇಮ್‌ಗೆ ಗೋಡೆ, ಮೆಟ್ಟಿಲು, ಬುರುಜು ಬರೆದುಕೊಡುವ ಕೆಲಸ ಸಿಕ್ಕಿತ್ತು. ದುಡ್ಡು ಬರುವ ಮೊದಲ ಕೆಲಸ. ಅಘನಾಶಿನಿ ದಡದ ಮಿರ್ಜಾನ್ ಕೋಟೆ ಚಿರೆಕಲ್ಲಿನದೇ ಅಲ್ವಾ, ಮೂರು ಬೆಳಿಗ್ಗೆ ಅಲ್ಲಿಗೆ ಹೋದೆ. ಕಲ್ಲಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಫೋಟೋ ತೆಗೆದೆ. ಚಿರೆಕಲ್ಲಿಗೆ ಮೈತುಂಬ ತೂತು. ಆ ತೂತೇ ಕಲ್ಲಿನ ಗುರುತು ಅಂದುಕೊಂಡೆ. ಮನೆಗೆ ಬಂದು ಒಂದೊಂದನ್ನೂ ಪಿಕ್ಸೆಲ್‌ಗೆ ಇಳಿಸಿದೆ.

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಹಾಕಿರುವ ಚಿತ್ರದಲ್ಲೂ ಅದೇ ಕಾಣುತ್ತಿದೆ. 16×16 ಅಂದರೆ 256 ಪಿಕ್ಸೆಲ್. ಅದರಲ್ಲಿ ಸುಮಾರು 60 ಒಂಟಿ ಚುಕ್ಕೆಗಳನ್ನು ಇಟ್ಟಿದ್ದೆ. ಪಕ್ಕದಲ್ಲಿ ತನ್ನದೇ ಬಣ್ಣದ ಇನ್ನೊಂದು ಪಿಕ್ಸೆಲ್ ಇಲ್ಲದ ಚುಕ್ಕೆಗಳು. 800 ಪರ್ಸೆಂಟ್ ಜೂಮ್‌ನಲ್ಲಿ ಟೈಲ್ ಬಹಳ ಚೆನ್ನಾಗಿ ಕಾಣುತ್ತಿತ್ತು. ನಾನು ಕೆಲಸ ಮಾಡಿದ್ದೆಲ್ಲ ಆ ಜೂಮ್‌ನಲ್ಲೇ. ಆದರೆ ಗೇಮ್‌ನ ಪರದೆ 320×180. ಪೂರ್ತಿ ಗೋಡೆ ಬಂದರೆ ಅಡ್ಡಕ್ಕೆ 20 ಟೈಲ್, ಎತ್ತರಕ್ಕೆ 11. ಒಟ್ಟು 220. ಒಂದೊಂದರಲ್ಲಿ 60 ಚುಕ್ಕೆ ಅಂದರೆ 13,200 ಚುಕ್ಕೆ. ಅದೂ ಪ್ರತಿ 16 ಪಿಕ್ಸೆಲ್‌ಗೆ ಅದೇ ಚುಕ್ಕೆ, ಅದೇ ಜಾಗದಲ್ಲಿ. ಕಣ್ಣಿಗೆ ಕಲ್ಲು ಕಾಣುವುದಿಲ್ಲ, ಚುಕ್ಕೆಗಳ ಸಾಲು ಕಾಣುತ್ತದೆ. 1920×1080 ಮಾನಿಟರ್‌ನಲ್ಲಿ ಎಲ್ಲವೂ ಆರು ಪಟ್ಟು ದೊಡ್ಡದಾಗುತ್ತದೆ, ಒಂದೊಂದು ಚುಕ್ಕೆ 6×6 ಚೌಕವಾಗಿ ನಿಲ್ಲುತ್ತದೆ. ಪರದೆ ಸರಿದರೆ ಗೋಡೆ ಪೂರ್ತಿ ಮಿಣಮಿಣ ಅನ್ನುತ್ತದೆ.

ಇನ್ನೂ ಕೆಟ್ಟದ್ದು ಆಮೇಲೆ ಗೊತ್ತಾಯಿತು. ಆಡಿ ನೋಡಿದವರಿಗೆ ಗೋಡೆಯ ಮುಂದೆ ನಿಂತ ಗೇಮ್‌ನ ಹುಡುಗ ಕಾಣಲಿಲ್ಲ. ಎಲ್ಲಿ ಹತ್ತಬಹುದು, ಎಲ್ಲಿ ಬಾಗಿಲಿದೆ ಅನ್ನುವುದೂ ತಿಳಿಯಲಿಲ್ಲ. ಎಲ್ಲ ಕಡೆ ಒಂದೇ ಸಮ ಗದ್ದಲ ಇದ್ದರೆ ಬಾಗಿಲಿನ ಅಂಚು ಹೇಗೆ ಕಂಡೀತು? 84 ಟೈಲ್ ವಾಪಸ್ ಬಂದವು. ನಾಲ್ಕು ತಿಂಗಳ ಕೆಲಸ. ಗೇಮ್ ಬೇರೆಯವರ ಕೈಗೆ ಹೋಯಿತು.

ಅದೇ ಬೇಸಿಗೆಯಲ್ಲಿ ನಮ್ಮ ಮನೆಯ ಕಂಪೌಂಡ್ ಕಟ್ಟುತ್ತಿದ್ದರು. ಮೇಸ್ತ್ರಿ ಒಂದು ವರಸೆ, ಅಂದರೆ ಕಲ್ಲಿನ ಒಂದು ಸಾಲು, ಮುಗಿದ ಕೂಡಲೇ ರಸ್ತೆಯ ಆಚೆ ಹೋಗಿ, ಕಣ್ಣು ಕಿರಿದು ಮಾಡಿ ಗೋಡೆ ನೋಡಿ ಬರುತ್ತಿದ್ದರು. ಏನು ನೋಡ್ತೀರಿ ಅಂತ ಕೇಳಿದೆ. "ಸಂದು ನೋಡೂದು, ತಮಾ. ಸಂದಿನ ಮೇಲೆ ಸಂದು ಬಂದ್ರೆ ಗೋಡೆ ಸೀಳ್ತದೆ" ಅಂದರು. ನಾನೂ ಅವರ ಪಕ್ಕ ಹೋಗಿ ನಿಂತೆ. ಅಲ್ಲಿಂದ ಒಂದು ತೂತೂ ಕಾಣಲಿಲ್ಲ. ಪ್ರತಿ ವರಸೆಯ ಕೆಳಗೆ ನೆರಳಿನ ಗೆರೆ, ಮೇಲಂಚಿನಲ್ಲಿ ಬಿಸಿಲು, ಅಲ್ಲಲ್ಲಿ ಬಣ್ಣ ಬೇರೆಯಾದ ಒಂದೆರಡು ಕಲ್ಲು. ಅಷ್ಟೇ. ಆದರೂ ಚಿರೆಕಲ್ಲು ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ನನ್ನ ನಾಲ್ಕು ತಿಂಗಳು ಎಲ್ಲಿ ಹೋಯಿತು ಅಂತ ಆ ರಸ್ತೆ ಬದಿಯಲ್ಲಿ ತಿಳಿಯಿತು.

ಹಾಗಾಗಿ ಯಾವ ಬ್ರಶ್ ಅನ್ನುವ ಪ್ರಶ್ನೆಯನ್ನೇ ಬಿಡಿ. ಮೊದಲು ಸಂದು ಹಾಕಿ. ಚಿರೆಕಲ್ಲಿಗೆ ಲ್ಯಾಟರೈಟ್ ಅನ್ನುವ ಹೆಸರು ಬಂದಿದ್ದೇ ಇಟ್ಟಿಗೆಯ ಲ್ಯಾಟಿನ್ ಪದದಿಂದ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಕೊಟ್ಟ ಹೆಸರು ಅದು. ಗಣಿಯಿಂದ ಕಡಿದು ಇಟ್ಟಿಗೆಯ ಹಾಗೆಯೇ ಜೋಡಿಸುವ ಕಲ್ಲು, ಆದ್ದರಿಂದ ಲೆಕ್ಕವೂ ಇಟ್ಟಿಗೆಯದೇ. ಇಟ್ಟಿಗೆಗೆ 7×3 ಪಿಕ್ಸೆಲ್, ಜೊತೆಗೆ ಒಂದು ಪಿಕ್ಸೆಲ್ ಗಾರೆ. ಹೀಗೆ ಒಂದು ಟೈಲ್‌ಗೆ ನಾಲ್ಕು ವರಸೆ, ಒಂದು ಬಿಟ್ಟು ಒಂದು ವರಸೆಯನ್ನು 4 ಪಿಕ್ಸೆಲ್ ಸರಿಸಿ. ಚಿರೆ ದೊಡ್ಡ ಕಲ್ಲು, ಅದಕ್ಕೆ 15×7 ಇಡಿ. ಎರಡೇ ವರಸೆ, ಎರಡನೆಯದನ್ನು 8 ಸರಿಸಿ. ವರಸೆ ಸಮಸಂಖ್ಯೆಯಲ್ಲೇ ಇರಲಿ. ಮೂರೋ ಐದೋ ಹಾಕಿದರೆ ಒಂದು ಟೈಲಿನ ಕೊನೆಯ ವರಸೆ, ಕೆಳಗಿನ ಟೈಲಿನ ಮೊದಲ ವರಸೆ ಒಂದೇ ಥರ ಬಂದು ಸಂದಿನ ಮೇಲೆ ಸಂದು ಕೂರುತ್ತದೆ. ಪಿಕ್ಸೆಲ್ ಚಿತ್ರ ಬರೆಯುವ ಅಸೆಪ್ರೈಟ್ ಸಾಫ್ಟ್‌ವೇರ್‌ನಲ್ಲಿ ಟೈಲ್ಡ್ ಮೋಡ್ (ಟೈಲಿನ ಸುತ್ತ ಅದೇ ಟೈಲ್ ತೋರಿಸುವುದು) ಹಾಕಿಕೊಂಡರೆ ಕೂಡಲೇ ಕಾಣುತ್ತದೆ.

ಬಣ್ಣ ಎಂಟು ಬೇಡ, ನಾಲ್ಕು ಸಾಕು. ಕಲ್ಲಿನ ಬಣ್ಣ, ನೆರಳು, ಬೆಳಕು, ಗಾರೆ. ನೆರಳಿಗೆ ಕೆಂಪಿಗೆ ಕಪ್ಪು ಬೆರೆಸಬೇಡಿ, ಕೆಸರಿನ ಹಾಗೆ ಆಗುತ್ತದೆ. ನೇರಳೆ ಕಡೆಗೆ ತಿರುಗಿಸಿ. ಬೆಳಕನ್ನು ಕಿತ್ತಳೆ ಕಡೆಗೆ. ಕಲ್ಲಿನ ಮೈ ಬಹುಪಾಲು ಸುಮ್ನೆ ಖಾಲಿ ಇರಲಿ. ಖಾಲಿ ಬಿಡುವಾಗ ಕೈ ತಡೆಯುವುದಿಲ್ಲ, ಗೊತ್ತು. ಆದರೂ ಬಿಡಿ.

ತೂತು ಬೇಕೇ ಬೇಕು ಅಂದರೆ ಐದು ಕಲ್ಲಿಗೆ ಒಂದರಲ್ಲಿ ಇಡಿ. ಒಂಟಿ ಚುಕ್ಕೆ ಬೇಡ, ಎರಡು ಮೂರು ಪಿಕ್ಸೆಲ್‌ಗಳ ಗೊಂಚಲು. ಜಾಗ ಕಲ್ಲಿನ ಮೂಲೆ, ಅಥವಾ ಬೆಳಕು ನೆರಳಿಗೆ ತಿರುಗುವ ಅಂಚು. ಬಿಸಿಲು ಮೇಲಿನಿಂದ ಬರುವಾಗ ತೂತಿನ ಮೇಲ್ಭಾಗ ಕತ್ತಲು, ಕೆಳತುಟಿಯ ಮೇಲೆ ಬೆಳಕು. ಅದನ್ನು ತಿರುಗಿಸಿ ಹಾಕಿದರೆ ತೂತು ಹೋಗಿ ಗುಳ್ಳೆ ಎದ್ದ ಹಾಗೆ ಕಾಣುತ್ತದೆ.

ಡಿದರಿಂಗ್‌ಗೆ ಜಾಗ ಇಲ್ಲ ಅಂತಲ್ಲ. ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಬಾಯ್‌ನಲ್ಲಿ ಇದ್ದಿದ್ದೇ ನಾಲ್ಕು ಛಾಯೆ, ಅಲ್ಲಿ ಬೇಕಿತ್ತು. ನಿಮಗೆ ಬಾವಿಯ ಗೋಡೆ ಕೆಳಗೆ ಕತ್ತಲಿಗೆ ಇಳಿಯುವ ಕಡೆ ಉಪಯೋಗಕ್ಕೆ ಬರಬಹುದು. ಕಲ್ಲಿನ ಮೈ ಮೇಲೆ ಬೇಡವೇ ಬೇಡ. ಯಾಣದಂಥ ಕಪ್ಪು ಬಂಡೆ ಬರೆಯುವುದಾದರೆ ಈ ವರಸೆ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಉದ್ದುದ್ದ ಸೀಳುಗಳೇ ಎಲ್ಲ.

ಪ್ರತಿ ಹತ್ತು ನಿಮಿಷಕ್ಕೆ ಜೂಮ್ 100ಕ್ಕೆ ಇಳಿಸಿ, ಕುರ್ಚಿ ಹಿಂದೆ ತಳ್ಳಿ, ನಿಮ್ಮ ಪಾತ್ರವನ್ನು ಗೋಡೆಯ ಮುಂದೆ ನಿಲ್ಲಿಸಿ ನೋಡಿ. ಮಳೆಗಾಲದ ಗೋಡೆಯೂ ಬೇಕು ಅಂದಿದ್ದೀರಿ. ಅದಕ್ಕೆ ಹೊಸ ಟೈಲ್ ಬರೆಯಬೇಡಿ. ಇದೇ ನಾಲ್ಕು ಬಣ್ಣಗಳಲ್ಲಿ ನೆರಳನ್ನು ಪಾಚಿ ಹಸಿರಿಗೆ, ಕಲ್ಲಿನ ಬಣ್ಣವನ್ನು ಒದ್ದೆ ಕಂದುಬಣ್ಣಕ್ಕೆ ಬದಲಿಸಿ, ಬೆಳಕನ್ನು ಒಂದು ಮೆಟ್ಟಿಲು ಇಳಿಸಿ. ಜುಲೈ ತಿಂಗಳ ಮಿರ್ಜಾನ್ ಆಗುತ್ತದೆ.