‘ಬೇಗ’ ಎಂಬ ಪದವನ್ನು ಹೊಡೆದುಹಾಕಿ

ಪ್ರಿಯ ಲೇಖಕರೆ,

ದನ, ಆಡುಗಳಿಂದಲೂ ಅವುಗಳ ಹಸಿ ಹಾಲಿನಿಂದಲೂ ಮನುಷ್ಯರಿಗೆ ಅಂಟುವ ಜ್ವರರೋಗ ಬ್ರುಸೆಲ್ಲೋಸಿಸ್ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಎರಡು ಪುಟ ಮಾಲ್ಟಾ ದ್ವೀಪದಲ್ಲೇ ಕಳೆದುಹೋಗಿವೆ. 1887ರಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಸತ್ತ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿದ್ದು, 1905ರಲ್ಲಿ ಮಾಲ್ಟಾದ ವೈದ್ಯ ಜಮಿಟ್ ಅದರ ಮೂಲ ಆಡುಗಳಲ್ಲಿದೆ ಎಂದು ಕಂಡುಕೊಂಡದ್ದು ನನಗೂ ಇಷ್ಟದ ಕಥೆಯೇ. ಆದರೆ ಜ್ವರ ಬಂದ ಮನುಷ್ಯ ಲೇಖನದೊಳಗೆ ಕಾಲಿಡುವುದು ಮೂರನೆಯ ಪುಟದಲ್ಲಿ. ಇತಿಹಾಸದಿಂದ ಒಂದೇ ಸಂಗತಿ ಉಳಿಸಿಕೊಳ್ಳಿ: ಆ ಆಡುಗಳು ನೋಡಲು ಆರೋಗ್ಯವಾಗಿಯೇ ಇದ್ದವು. ಹಸಿ ಹಾಲಿನ ಅಪಾಯ ಹೇಳಲು ಅಷ್ಟು ಸಾಕು.

ಲಕ್ಷಣಗಳ ಭಾಗದಲ್ಲಿ ಹದಿನಾಲ್ಕು ಹೆಸರುಗಳನ್ನು ಅಲ್ಪವಿರಾಮ ಹಾಕಿ ಸಾಲಾಗಿ ನಿಲ್ಲಿಸಿದ್ದೀರಿ. ಜ್ವರ, ಸುಸ್ತು, ತಲೆನೋವು, ಮೈಕೈನೋವು ಯಾವ ಕಾಯಿಲೆಯಲ್ಲಿಲ್ಲ? ಓದುಗ ತನ್ನ ಜ್ವರವನ್ನು ಇದರಲ್ಲಿ ಗುರುತಿಸುವುದು ಹೇಗೆ? ಬೆಳಿಗ್ಗೆ ಇಳಿದು ಸಂಜೆಗೆ ಏರುವ, ವಾರಗಟ್ಟಲೆ ಬಿಡದ ಜ್ವರ. ನಡುರಾತ್ರಿ ಎದ್ದು ಅಂಗಿ ಬದಲಿಸುವಂತೆ ಮಾಡುವ ಬೆವರು, ಕೆಲವರಲ್ಲಿ ಅದಕ್ಕೆ ಬೂಸಲಿನಂಥ ವಾಸನೆ. ಕುಳಿತಲ್ಲಿಂದ ಏಳುವಾಗ ಸೊಂಟದ ಕೆಳಗೆ ಹಿಡಿದುಕೊಳ್ಳುವ ನೋವು. ಜೊತೆಗೆ ಮಂಕು ಕವಿದ ಮನಸ್ಸು. ಮನೆಯವರು ಅದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ. ವೃಷಣದ ಊತವನ್ನು ನೀವು ‘ಇತರ ತೊಂದರೆಗಳು’ ಎಂಬ ಮುಸುಕಿನೊಳಗೆ ತಳ್ಳಿದ್ದೀರಿ. ಸಂಕೋಚ ಬೇಡ, ಹೇಳದೆ ಮುಚ್ಚಿಟ್ಟುಕೊಳ್ಳುವವರಿಗಾಗಿಯೇ ಅದನ್ನು ಬರೆಯಬೇಕು. ಈ ರೋಗದಿಂದ ಸಾಯುವವರು ಕಡಿಮೆ, ಆ ಸಾವುಗಳಲ್ಲಿ ಹೆಚ್ಚಿನವು ಹೃದಯದ ಕವಾಟಕ್ಕೆ ಸೋಂಕು ತಗುಲಿದಾಗ ಆಗುವಂಥವು. ಆ ಮಾತೂ ಒಂದು ಸಾಲಿನಲ್ಲಿ ಬರಲಿ.

ಇನ್ನು ನನ್ನ ನಿಜವಾದ ತಕರಾರು. ಚಿಕಿತ್ಸೆಗೆ ನೀವು ಕೊಟ್ಟಿರುವುದು ಒಂದೇ ವಾಕ್ಯ: ‘ಸೂಕ್ತ ಆ್ಯಂಟಿಬಯೋಟಿಕ್ ನೀಡಿದರೆ ರೋಗಿ ಬೇಗ ಗುಣಮುಖನಾಗುತ್ತಾನೆ.’ ಇದರಲ್ಲಿ ‘ಬೇಗ’ ಎಂಬುದು ಅಪಾಯಕಾರಿ ಪದ. ಜ್ವರ ಬೇಗ ಇಳಿಯಬಹುದು, ರೋಗಾಣು ಬೇಗ ಹೋಗುವುದಿಲ್ಲ. ನಮ್ಮನ್ನು ಕಾಯಬೇಕಾದ ರಕ್ಷಕ ಕೋಶಗಳ ಒಳಗೇ ಅದು ಬಿಡಾರ ಹೂಡುತ್ತದೆ. ಅದಕ್ಕೆಂದೇ ಸಾಮಾನ್ಯವಾಗಿ ಎರಡು ಔಷಧ, ಆರು ವಾರ. ವಯಸ್ಕರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ. ಅದರ ಜೊತೆ ಎರಡು-ಮೂರು ವಾರ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು, ಅಥವಾ ಏಳರಿಂದ ಹತ್ತು ದಿನ ಜೆಂಟಾಮೈಸಿನ್, ಇಲ್ಲವೇ ಆರೂ ವಾರ ರಿಫಾಂಪಿಸಿನ್. ಚುಚ್ಚುಮದ್ದು ಸೇರಿದ ಕ್ರಮದಲ್ಲಿ ರೋಗ ಮರುಕಳಿಸುವುದು ಕಡಿಮೆ, ಬರಿಯ ಮಾತ್ರೆಗಳಾದರೆ ನುಂಗಲು ಸಲೀಸು. ಈ ಜಗ್ಗಾಟವನ್ನು ಓದುಗರಿಂದ ಮರೆಮಾಚಬೇಡಿ. ಬೆನ್ನುಮೂಳೆಗೆ ಹತ್ತಿದ್ದರೆ ಅವಧಿ ಮೂರು ತಿಂಗಳು ಅಥವಾ ಇನ್ನೂ ಹೆಚ್ಚು. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಔಷಧ ಬೇರೆ. ಅಲ್ಲಿ ಹೆಸರುಗಳಿಗಿಂತ ‘ವೈದ್ಯರು ಬೇರೆಯೇ ಆಯ್ಕೆ ಮಾಡುತ್ತಾರೆ’ ಎಂಬುದು ಮುಖ್ಯ.

ಒಂದು ತಪ್ಪನ್ನಂತೂ ಒಪ್ಪಲಾರೆ. ‘ಮರುಕಳಿಸಿದರೆ ರೋಗಾಣು ಔಷಧಕ್ಕೆ ಬಗ್ಗುವುದಿಲ್ಲ ಎಂದರ್ಥ’ ಎಂದಿದ್ದೀರಿ. ಹೆಚ್ಚಿನ ಸಲ ಹಾಗಲ್ಲ. ಒಳಗೆ ಅಡಗಿ ಉಳಿದದ್ದು ಮತ್ತೆ ತಲೆಯೆತ್ತಿರುತ್ತದೆ, ಸಾಮಾನ್ಯವಾಗಿ ಆರು ತಿಂಗಳೊಳಗೆ. ಅದೇ ಔಷಧಗಳನ್ನು ಮತ್ತೆ ಕೊಟ್ಟಾಗ ಬಹುಪಾಲು ವಾಸಿಯಾಗುತ್ತದೆ. ನಿಮ್ಮ ಸಾಲು ಓದಿದವರು ಔಷಧವನ್ನೇ ನಂಬದಂತಾಗುತ್ತಾರೆ.

ಕ್ಷಯದ ಹೆಸರೇ ನಿಮ್ಮಲ್ಲಿ ಬಂದಿಲ್ಲ ಎಂಬುದು ಆಶ್ಚರ್ಯ. ದೀರ್ಘ ಜ್ವರ, ರಾತ್ರಿಯ ಬೆವರು, ಇಳಿಯುವ ತೂಕ, ಬೆನ್ನುನೋವು ಎರಡರಲ್ಲೂ ಉಂಟು. ರಿಫಾಂಪಿಸಿನ್, ಸ್ಟ್ರೆಪ್ಟೊಮೈಸಿನ್ ಎರಡೂ ಕ್ಷಯದ ಔಷಧಗಳೇ. ಒಂದನ್ನು ಇನ್ನೊಂದೆಂದು ತಿಳಿದು ಚಿಕಿತ್ಸೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ಯಾರಾ ಬೇಕು. ರಕ್ತವನ್ನು ಕಲ್ಚರ್‌ಗೆ, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ ಕಳುಹಿಸುವಾಗ ಪ್ರಯೋಗಾಲಯಕ್ಕೆ ಮೊದಲೇ ತಿಳಿಸಬೇಕು ಎಂದು ನೀವು ಬರೆದದ್ದು ಮಾತ್ರ ಒಳ್ಳೆಯ ಗಮನ. ಆ ರೋಗಾಣು ಅಲ್ಲಿ ಕೆಲಸ ಮಾಡುವವರಿಗೂ ಅಂಟಬಲ್ಲದು.

ಇಡೀ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಪುಟದ ಆ ನಾಲ್ಕು ಸಾಲು. ಕಂದು ಹಾಕಿದ (ಗರ್ಭಪಾತವಾದ) ಹಸುವಿನ ಮಾಸನ್ನು ಬರಿಗೈಯಿಂದ ಎಳೆದವನು, ಹನ್ನೆರಡನೆಯ ದಿನ ಜ್ವರ ಬಿಟ್ಟಿತೆಂದು ಉಳಿದ ಮಾತ್ರೆಗಳನ್ನು ಗೂಡಿನಲ್ಲಿಟ್ಟು ಮರೆತದ್ದು. ಅರ್ಧ ಖಾಲಿಯಾದ ಆ ಮಾತ್ರೆಪಟ್ಟಿಯಿಂದಲೇ ಲೇಖನ ಶುರುವಾಗಲಿ. ಅವನಿಗೆ ಮುಂದೇನಾಯಿತು ಎಂದು ನೀವು ಬರೆದಿಲ್ಲ. ಕೇಳಿ ತಿಳಿದುಕೊಂಡು ಬರೆಯಿರಿ, ಹೆಸರು ಬೇಡ.

ಒಂಬೈನೂರು ಪದ ಮೀರದಿರಲಿ. ಔಷಧಗಳ ಭಾಗವನ್ನು ಒಬ್ಬ ವೈದ್ಯರಿಗೆ ತೋರಿಸಿ, ಅವರು ತಿದ್ದಿದ ಪ್ರತಿಯನ್ನೇ ನನಗೆ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ